ರಜೆಯಲ್ಲಿ ದೊರೆತ ಬಣ್ಣ

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಲಂಡನ್ ನಗರದ ಬೀದಿದೀಪಗಳು ಕಲ್ಲಿದ್ದಲಿನ ಅನಿಲದಿಂದ ಉರಿಯುತ್ತಿದ್ದವು. ಕಲ್ಲಿದ್ದಲನ್ನು ಗಾಳಿ ಸೋಕದಂತೆ ಮುಚ್ಚಿದ ಪಾತ್ರೆಗಳಲ್ಲಿ ಕಾಸಿ ಈ ಅನಿಲವನ್ನು ಪಡೆಯುತ್ತಿದ್ದರು. ಅನಿಲದ ಜೊತೆಯಲ್ಲಿಯೇ ಕಪ್ಪಾದ, ಅಂಟಾದ, ದುರ್ವಾಸನೆಯ ಡಾಮರೂ ಹೊರಬರುತ್ತಿತ್ತು. ಅನಿಲಕ್ಕೆ ಬೆಲೆಯಿತ್ತು, ಡಾಮರಿಗೆ ಇರಲಿಲ್ಲ. ಮರದ ದಿಮ್ಮಿಗಳು ಕೊಳೆಯದಂತೆ ಬಳಿಯುವುದೇ ಮೊದಲಾದ ಕೆಲವು ಉಪಯೋಗಗಳನ್ನು ಬಿಟ್ಟರೆ, ಮಿಕ್ಕುದನ್ನು ಎಲ್ಲಿ ಚೆಲ್ಲುವುದೆಂಬುದೇ ಅನಿಲ ತಯಾರಿಸುವ ಕಾರ್ಖಾನೆಗಳಿಗೆ ದೊಡ್ಡ ಚಿಂತೆಯಾಗಿತ್ತು. ಇಂತಹ ಡಾಮರಿನಿಂದ ಸಿರಿವಂತರು ಉಡುವ ರೇಷ್ಮೆಗೆ ಬಣ್ಣ ಬಂದೀತೆಂದು ಯಾರೂ ಎಣಿಸಿರಲಿಲ್ಲ. ೧೮೫೬ರ ವಸಂತದಲ್ಲಿ, ಈಸ್ಟರ್ ಹಬ್ಬದ ರಜೆಯಲ್ಲಿ, ತನ್ನ ಮನೆಯ ಕೋಣೆಯೊಂದರಲ್ಲಿ ಪ್ರಯೋಗ ಮಾಡುತ್ತಿದ್ದ ಹದಿನೆಂಟು ವರ್ಷದ ವಿದ್ಯಾರ್ಥಿಯೊಬ್ಬನು ಅದನ್ನು ಸಾಧಿಸಿದನು. ಅವನು ಹುಡುಕಲು ಹೊರಟದ್ದು ಬಣ್ಣವನ್ನಲ್ಲ, ಜ್ವರದ ಔಷಧವನ್ನು. ಆ ವಿದ್ಯಾರ್ಥಿಯೇ ವಿಲಿಯಂ ಹೆನ್ರಿ ಪರ್ಕಿನ್.

ಪರ್ಕಿನ್ ಹುಟ್ಟಿದ್ದು ೧೮೩೮ನೆಯ ಇಸವಿ ಮಾರ್ಚಿ ೧೨ರಂದು, ಲಂಡನ್ನಿನ ಪೂರ್ವಭಾಗದ ಶ್ಯಾಡ್‌ವೆಲ್ ಎಂಬಲ್ಲಿ. ಹಡಗುಕಟ್ಟೆಗಳ ಸಮೀಪದ ಆ ಪ್ರದೇಶದಲ್ಲಿ ಕೂಲಿಕಾರರೂ ನಾವಿಕರೂ ಕುಶಲಕರ್ಮಿಗಳೂ ಇಕ್ಕಟ್ಟಾಗಿ ವಾಸಿಸುತ್ತಿದ್ದರು. ತಂದೆ ಜಾರ್ಜ್ ಪರ್ಕಿನ್ ಬಡಗಿಯ ಕೆಲಸದಿಂದ ಮೇಲೆ ಬಂದು ಕಟ್ಟಡಗಳನ್ನು ಕಟ್ಟಿಸುವ ಗುತ್ತಿಗೆದಾರನಾಗಿದ್ದವನು. ಏಳು ಮಂದಿ ಮಕ್ಕಳಲ್ಲಿ ವಿಲಿಯಂ ಕಡೆಯವನು. ಅವನು ವಾಸ್ತುಶಿಲ್ಪಿಯಾಗಬೇಕೆಂಬುದು ತಂದೆಯ ಅಪೇಕ್ಷೆ. ಹುಡುಗನಿಗೂ ಚಿತ್ರ ಬರೆಯುವುದರಲ್ಲಿ, ಮರಗೆಲಸದಲ್ಲಿ, ಯಂತ್ರಗಳ ರಚನೆಯಲ್ಲಿ ಆಸಕ್ತಿಯಿತ್ತು. ಆದರೆ ಹದಿಮೂರನೆಯ ವಯಸ್ಸನ್ನು ಸಮೀಪಿಸುತ್ತಿದ್ದಾಗ ಗೆಳೆಯನೊಬ್ಬನು ಅವನಿಗೆ ಕೆಲವು ರಾಸಾಯನಿಕ ಪ್ರಯೋಗಗಳನ್ನು ಮಾಡಿ ತೋರಿಸಿದನು. ತಿಳಿಯಾದ ದ್ರಾವಣವೊಂದರಲ್ಲಿ ನೋಡುನೋಡುತ್ತಿದ್ದಂತೆಯೇ ಕ್ರಮವಾದ ಆಕಾರದ ಹರಳುಗಳು ಮೂಡಿದುದನ್ನು ಕಂಡು ಹುಡುಗನು ಬೆರಗಾದನು. ಅಂದಿನಿಂದ ಅವನ ಮನಸ್ಸು ರಸಾಯನಶಾಸ್ತ್ರದತ್ತ ತಿರುಗಿತು.

ಆ ಕಾಲದ ಇಂಗ್ಲೆಂಡಿನ ಶಾಲೆಗಳಲ್ಲಿ ವಿಜ್ಞಾನಕ್ಕೆ ಹೆಚ್ಚಿನ ಸ್ಥಾನವಿರಲಿಲ್ಲ. ಗ್ರೀಕ್, ಲ್ಯಾಟಿನ್ ಭಾಷೆಗಳ ಅಭ್ಯಾಸವೇ ನಿಜವಾದ ವಿದ್ಯೆಯೆಂದು ಹಿರಿಯರು ನಂಬಿದ್ದರು. ಅದೃಷ್ಟವಶಾತ್ ಪರ್ಕಿನ್ ಸೇರಿದ ಸಿಟಿ ಆಫ್ ಲಂಡನ್ ಶಾಲೆಯಲ್ಲಿ ಥಾಮಸ್ ಹಾಲ್ ಎಂಬ ಉಪಾಧ್ಯಾಯನಿದ್ದನು. ವಾರಕ್ಕೆ ಎರಡು ದಿನ ಮಧ್ಯಾಹ್ನದ ಊಟದ ವಿರಾಮದಲ್ಲಿ ಆತನು ಆಸಕ್ತರಾದ ಹುಡುಗರಿಗೆ ರಸಾಯನಶಾಸ್ತ್ರವನ್ನು ಪ್ರಯೋಗಸಹಿತವಾಗಿ ಬೋಧಿಸುತ್ತಿದ್ದನು. ಪರ್ಕಿನ್ ಊಟವನ್ನು ಬಿಟ್ಟು ಈ ಪಾಠಕ್ಕೆ ಹೋಗುತ್ತಿದ್ದನು. ಸ್ವಲ್ಪ ಕಾಲದಲ್ಲಿಯೇ ಪ್ರಯೋಗಗಳಿಗೆ ಬೇಕಾದ ಸಾಮಗ್ರಿಗಳನ್ನು ಅಣಿಗೊಳಿಸುವ ಕೆಲಸವೂ ಅವನ ಪಾಲಿಗೆ ಬಂದಿತು. ಹಾಲನ ಸಲಹೆಯಂತೆ ಅವನು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ನಡೆಯುತ್ತಿದ್ದ ಉಪನ್ಯಾಸಗಳನ್ನು ಕೇಳಲು ಅನುಮತಿ ಬೇಡಿ ಮೈಕೇಲ್ ಫ್ಯಾರಡೆಗೆ ಪತ್ರ ಬರೆದನು. ವಿದ್ಯುಚ್ಛಾಸ್ತ್ರದ ಆ ಮಹಾವಿಜ್ಞಾನಿ ಹುಡುಗನ ಪತ್ರಕ್ಕೆ ಉತ್ತರವಿತ್ತು ಪ್ರವೇಶಪತ್ರವನ್ನು ಕಳುಹಿಸಿದನು. ಹೀಗೆ ಶನಿವಾರದ ಮಧ್ಯಾಹ್ನಗಳಲ್ಲಿ, ದೊಡ್ಡವರ ನಡುವೆ ಕುಳಿತು, ಹದಿನಾಲ್ಕರ ಬಾಲಕನು ಫ್ಯಾರಡೆಯ ಉಪನ್ಯಾಸಗಳನ್ನು ಕೇಳಿದನು. ರಸಾಯನಶಾಸ್ತ್ರವನ್ನು ಕಲಿತು ಮಗನು ಹೊಟ್ಟೆಹೊರೆಯುವುದು ಹೇಗೆಂದು ತಂದೆಗೆ ಸಂದೇಹವಿತ್ತು. ಹಾಲನು ಮನೆಗೇ ಬಂದು ತಂದೆಯನ್ನು ಒಪ್ಪಿಸಬೇಕಾಯಿತು. ಆ ಉಪಾಧ್ಯಾಯನು ಅಷ್ಟು ಶ್ರಮ ವಹಿಸದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

೧೮೫೩ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಪರ್ಕಿನ್ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿಯನ್ನು ಸೇರಿದನು. ೧೮೪೫ರಲ್ಲಿ ಸ್ಥಾಪಿತವಾಗಿದ್ದ ಈ ಸಂಸ್ಥೆಯ ಮುಖ್ಯಸ್ಥನು ಆಗಸ್ಟ್ ವಿಲ್‌ಹೆಲ್ಮ್ ಹೋಫ್‌ಮನ್ ಎಂಬ ಜರ್ಮನ್ ವಿದ್ವಾಂಸ. ಜರ್ಮನಿಯ ಗೀಸೆನ್ ನಗರದಲ್ಲಿ ಲೀಬಿಗ್ ಎಂಬ ಪ್ರಸಿದ್ಧ ರಸಾಯನಶಾಸ್ತ್ರಜ್ಞನ ಬಳಿ ಅವನು ಕಲಿತಿದ್ದನು. ಲೀಬಿಗನ ಬೋಧನಕ್ರಮವೇ ಬೇರೆ. ವಿದ್ಯಾರ್ಥಿಯು ಪುಸ್ತಕವನ್ನು ಓದಿ ಒಪ್ಪಿಸಿದರೆ ಸಾಲದು; ಪದಾರ್ಥಗಳನ್ನು ಶುದ್ಧಿಗೊಳಿಸುವುದು, ತೂಗುವುದು, ವಿಶ್ಲೇಷಿಸುವುದು ಮುಂತಾದ ಕೈಗೆಲಸದಲ್ಲಿ ನುರಿತ ಮೇಲೆ, ಇನ್ನೂ ಯಾರೂ ಉತ್ತರ ಕಾಣದಿದ್ದ ಸಮಸ್ಯೆಯೊಂದನ್ನು ಅವನ ಪಾಲಿಗೆ ಒಪ್ಪಿಸಲಾಗುತ್ತಿತ್ತು. ಈ ಪದ್ಧತಿಯನ್ನೇ ಹೋಫ್‌ಮನ್ ಲಂಡನ್ನಿಗೆ ತಂದನು. ಅವನು ಪ್ರಯೋಗಶಾಲೆಯಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ಮೇಜಿನ ಬಳಿಗೂ ಹೋಗಿ, ಪ್ರಯೋಗನಾಳವನ್ನು ಕೈಯಲ್ಲಿ ಹಿಡಿದು ನೋಡಿ, ಹೊಸ ಹೊಸ ಸಲಹೆಗಳನ್ನು ನೀಡುತ್ತಿದ್ದನು. ಇಂದು ಅನೇಕ ದೇಶಗಳಲ್ಲಿ ವಿಜ್ಞಾನ ಹಾಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ಪ್ರಯೋಗಶಾಲೆಗಳನ್ನು ಸೇರಿ ಸಂಶೋಧನೆಯ ಒಂದು ಭಾಗವನ್ನು ಕೈಗೆತ್ತಿಕೊಳ್ಳುತ್ತಾರೆ. ಆ ಪರಿಪಾಠದ ಬೇರು ಇಂತಹ ಜಾಗಗಳಲ್ಲಿದೆ.

ಹೋಫ್‌ಮನ್ನನ ವಿಶೇಷ ಆಸಕ್ತಿ ಕಲ್ಲಿದ್ದಲಿನ ಡಾಮರಿನಲ್ಲಿ. ಅದನ್ನು ಭಟ್ಟಿಯಿಳಿಸಿದರೆ ಬೆಂಜೀನ್, ನ್ಯಾಫ್ತಲೀನ್, ಅನಿಲೀನ್ ಮುಂತಾದ ಹಲವು ಪದಾರ್ಥಗಳು ಬೇರ್ಪಡುವುವೆಂದು ಆ ವೇಳೆಗೆ ತಿಳಿದಿತ್ತು. ಈ ಕೆಲಸ ಅಪಾಯಕರವೂ ಆಗಿತ್ತು. ಡಾಮರಿನಿಂದ ಬೆಂಜೀನನ್ನು ಬೇರ್ಪಡಿಸುವ ಕ್ರಮವನ್ನು ಕಂಡುಹಿಡಿದ ಚಾರ್ಲ್ಸ್ ಮ್ಯಾನ್ಸ್‌ಫೀಲ್ಡ್ ಎಂಬ ಹೋಫ್‌ಮನ್ನನ ಶಿಷ್ಯನು, ೧೮೫೫ರಲ್ಲಿ ಅದೇ ಬೆಂಜೀನಿಗೆ ಬೆಂಕಿ ಹತ್ತಿಕೊಂಡು ಸುಟ್ಟಗಾಯಗಳಿಂದ ಸತ್ತನು. ಪರ್ಕಿನ್ನನಿಗೆ ಗುರುವು ಒಪ್ಪಿಸಿದ ಮೊದಲ ಸಮಸ್ಯೆಯೂ ಡಾಮರಿಗೆ ಸಂಬಂಧಿಸಿದ್ದು. ಡಾಮರಿನಲ್ಲಿ ದೊರೆಯುವ ಆಂತ್ರಸೀನ್ ಎಂಬ ಘನಪದಾರ್ಥದಿಂದ ಅನಿಲೀನಿನಂತಹ ವಸ್ತುವನ್ನು ತಯಾರಿಸಬೇಕಾಗಿತ್ತು. ಅವನು ಬಹಳ ಶ್ರಮಪಟ್ಟರೂ ಅದು ಕೈಗೂಡಲಿಲ್ಲ. ಆ ಪದಾರ್ಥದ ಸೂತ್ರವನ್ನೇ ಅಂದು ತಪ್ಪಾಗಿ ತಿಳಿದಿದ್ದುದರಿಂದ, ದೊರೆತ ಫಲಗಳ ಅರ್ಥವೂ ಹೊಳೆಯಲಿಲ್ಲ. ಎರಡನೆಯ ಸಮಸ್ಯೆಯಲ್ಲಿ ಅವನು ಯಶಸ್ವಿಯಾದನು. ಸೋತ ಮೊದಲ ಸಂಶೋಧನೆಯನ್ನು ಇಲ್ಲಿ ನೆನಪಿನಲ್ಲಿಡಬೇಕು. ಹದಿನೈದು ವರ್ಷಗಳ ಅನಂತರ ಅದು ಮತ್ತೆ ಎದುರಾಗುತ್ತದೆ.

ಹಗಲೆಲ್ಲ ಗುರುವಿನ ಕೆಲಸದಲ್ಲಿ ಕಳೆಯುತ್ತಿದ್ದುದರಿಂದ ಸ್ವಂತ ಪ್ರಯೋಗಗಳಿಗೆ ಪರ್ಕಿನ್ನನಿಗೆ ಉಳಿದಿದ್ದುದು ಸಂಜೆಗಳು ಮತ್ತು ರಜಾದಿನಗಳು ಮಾತ್ರ. ಅವನು ಮನೆಯಲ್ಲಿಯೇ ಒಂದು ಪುಟ್ಟ ಪ್ರಯೋಗಶಾಲೆಯನ್ನು ಸಜ್ಜುಗೊಳಿಸಿಕೊಂಡಿದ್ದನು. ಉದ್ದನೆಯ ಸಣ್ಣ ಕೋಣೆಯೊಂದರ ಅರ್ಧಭಾಗ. ಅಲ್ಲಿ ಒಂದು ಮೇಜು, ಸೀಸೆಗಳನ್ನು ಇಡಲು ಕೆಲವು ಹಲಗೆಗಳು, ಗೋಡೆಯ ಅಗ್ಗಿಷ್ಟಿಕೆಯಲ್ಲಿ ಕಟ್ಟಿದ ಒಂದು ಕುಲುಮೆ. ಕೊಳಾಯಿಯ ನೀರಿರಲಿಲ್ಲ, ಅನಿಲದ ಉರಿಯೂ ಇರಲಿಲ್ಲ. ಮದ್ಯಸಾರದ ದೀಪಗಳಿಂದಲೇ ಕಾಸುವ ಕೆಲಸ ನಡೆಯಬೇಕಾಗಿತ್ತು. ಹೆಚ್ಚು ಶಾಖ ಬೇಕಾದಾಗ ಹೊರಗಿನ ಗುಡಿಸಲಿನಲ್ಲಿ ಇದ್ದಲಿನ ಒಲೆಯನ್ನು ಉರಿಸುತ್ತಿದ್ದನು. ಈ ಕೋಣೆಯಲ್ಲಿ ಅವನಿಗೆ ಆಗಾಗ ಜೊತೆಯಾಗುತ್ತಿದ್ದವನು ಆರ್ಥರ್ ಚರ್ಚ್ ಎಂಬ ಸಹಪಾಠಿ.

ಆ ಕಾಲದಲ್ಲಿ ಮಲೇರಿಯ ಜ್ವರಕ್ಕೆ ಇದ್ದ ಒಂದೇ ನಂಬಿಕೆಯ ಔಷಧ ಕ್ವಿನೈನ್. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ ಬೆಳೆಯುವ ಸಿಂಕೋನ ಮರದ ತೊಗಟೆಯಿಂದ ಅದನ್ನು ತೆಗೆಯುತ್ತಿದ್ದರು. ನಮ್ಮ ನೀಲಗಿರಿಯಲ್ಲಿ ಸಿಂಕೋನ ತೋಟಗಳು ತಲೆಯೆತ್ತಿದುದು ೧೮೬೦ರ ದಶಕದಲ್ಲಿ. ಅದಕ್ಕೆ ಹಿಂದೆ, ಭಾರತದಂತಹ ಉಷ್ಣದೇಶಗಳಲ್ಲಿ ಸೈನ್ಯವನ್ನೂ ಅಧಿಕಾರಿಗಳನ್ನೂ ಇರಿಸಿಕೊಂಡಿದ್ದ ಬ್ರಿಟನ್ನಿಗೆ ಆ ದೂರದ ತೊಗಟೆಯನ್ನು ಕೊಳ್ಳದೆ ಬೇರೆ ಗತಿಯಿರಲಿಲ್ಲ. ಅದರ ಬೆಲೆಯೋ ಬಹು ದುಬಾರಿ. ಕ್ವಿನೈನನ್ನು ಡಾಮರಿನ ಪದಾರ್ಥಗಳಿಂದಲೇ ತಯಾರಿಸುವಂತಾದರೆ ಎಷ್ಟು ಉಪಕಾರವಾದೀತೆಂದು ಹೋಫ್‌ಮನ್ ಹಿಂದೆಯೇ ಬರೆದಿದ್ದನು. ಗುರುವಿನ ಈ ವಿಚಾರವು ಶಿಷ್ಯನ ಮನಸ್ಸಿನಲ್ಲಿ ನಾಟಿತು. ೧೮೫೬ರ ಈಸ್ಟರ್ ರಜೆಗೆ ಕಾಲೇಜು ಮುಚ್ಚಿದೊಡನೆ ಅವನು ಮನೆಯ ಕೋಣೆಯಲ್ಲಿ ಈ ಕೆಲಸವನ್ನು ಕೈಗೊಂಡನು. ಯಾರೂ ಅವನಿಗೆ ಇದನ್ನು ಒಪ್ಪಿಸಿರಲಿಲ್ಲ.

ಪರ್ಕಿನ್ನನ ತರ್ಕ ಸರಳವಾದ ಲೆಕ್ಕದಂತಿತ್ತು. ಕ್ವಿನೈನಿನ ಒಂದು ಅಣುವಿನಲ್ಲಿ ಇಂಗಾಲದ ೨೦, ಜಲಜನಕದ ೨೪, ಸಾರಜನಕದ ೨, ಆಮ್ಲಜನಕದ ೨ ಪರಮಾಣುಗಳಿವೆ. ಡಾಮರಿನಿಂದ ದೊರೆಯುವ ಟಾಲ್ಯುಡೀನಿನಿಂದ ಸಿದ್ಧಪಡಿಸಿದ ಅಲೈಲ್ ಟಾಲ್ಯುಡೀನ್ ಎಂಬ ವಸ್ತುವಿನಲ್ಲಿ ಇಂಗಾಲ ೧೦, ಜಲಜನಕ ೧೩, ಸಾರಜನಕ ೧. ಇಂತಹ ಎರಡು ಅಣುಗಳನ್ನು ಕೂಡಿಸಿ, ಆಮ್ಲಜನಕದ ೩ ಪರಮಾಣುಗಳನ್ನು ಸೇರಿಸಿ, ನೀರಿನ ಒಂದು ಅಣುವನ್ನು ಕಳೆದರೆ ಉಳಿಯುವುದು ಸರಿಯಾಗಿ ಕ್ವಿನೈನಿನ ಸೂತ್ರವೇ. ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಆದರೆ ಅಣುವಿನೊಳಗೆ ಪರಮಾಣುಗಳು ಯಾವ ಕ್ರಮದಲ್ಲಿ ಜೋಡಣೆಗೊಂಡಿವೆಯೆಂಬುದು ಅಂದು ಯಾರಿಗೂ ತಿಳಿದಿರಲಿಲ್ಲ. ಬೆಂಜೀನಿನ ಪರಮಾಣುಗಳು ಬಳೆಯಂತೆ ಸುತ್ತುಗಟ್ಟಿವೆಯೆಂದು ಕೆಕ್ಯುಲೆ ಪ್ರಕಟಿಸಿದುದೇ ೧೮೬೫ರಲ್ಲಿ. ಇಟ್ಟಿಗೆ, ಮರ, ಸುಣ್ಣಗಳ ಮೊತ್ತ ಒಂದೇ ಆಗಿದ್ದ ಮಾತ್ರಕ್ಕೆ ಎರಡು ಮನೆಗಳು ಒಂದೇ ಆಗುವುದಿಲ್ಲ. ಕಟ್ಟಡಗಾರನ ಮಗನಾದ ಪರ್ಕಿನ್ನನಿಗೆ ಮನೆಗಳ ವಿಷಯದಲ್ಲಿ ಇದು ಗೊತ್ತಿತ್ತು. ಅಣುಗಳ ವಿಷಯದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಲೈಲ್ ಟಾಲ್ಯುಡೀನಿನ ಲವಣವನ್ನು ಪೊಟ್ಯಾಸಿಯಂ ಡೈಕ್ರೋಮೇಟಿನೊಡನೆ ಬೆರೆಸಿದಾಗ ಬಿಳಿಯ ಕ್ವಿನೈನಿಗೆ ಬದಲಾಗಿ ಕೆಂಪುಮಿಶ್ರಿತ ಕಂದುಬಣ್ಣದ ಕೊಳಕು ಗಷ್ಟು ತಳದಲ್ಲಿ ನಿಂತಿತು. ಪ್ರಯೋಗ ಕೆಟ್ಟಿತೆಂದು ಅದನ್ನು ಚೆಲ್ಲಿಬಿಡುವುದು ಯಾವ ವಿದ್ಯಾರ್ಥಿಗಾದರೂ ಸಹಜವಾಗಿತ್ತು. ಪರ್ಕಿನ್ ಚೆಲ್ಲಲಿಲ್ಲ. ಹೀಗೇಕಾಯಿತೆಂದು ತಿಳಿಯುವ ಕುತೂಹಲದಿಂದ ಅವನು ಅದಕ್ಕಿಂತ ಸರಳವಾದ ಪದಾರ್ಥವೊಂದರ ಮೇಲೆ ಇದೇ ಕ್ರಿಯೆಯನ್ನು ನಡೆಸಲು ಯೋಚಿಸಿ ಅನಿಲೀನನ್ನು ಆರಿಸಿಕೊಂಡನು. ಈ ಬಾರಿ ಇನ್ನೂ ಕೆಟ್ಟದಾದ ಕಪ್ಪು ಗಷ್ಟು ಬಂದಿತು. ಅದನ್ನು ತೊಳೆದು, ಒಣಗಿಸಿ, ಮದ್ಯಸಾರದಲ್ಲಿ ಕದಡಿದಾಗ ದ್ರವವು ಥಳಥಳಿಸುವ ಊದಾಬಣ್ಣವನ್ನು ತಾಳಿತು. ಆ ಗಷ್ಟಿನಲ್ಲಿ ಬಣ್ಣದ ಅಂಶ ಬಹಳ ಕಡಮೆ. ನೂರರಲ್ಲಿ ಸುಮಾರು ಐದು ಪಾಲು ಮಾತ್ರ.

ಇಲ್ಲಿ ಒಂದು ಸೋಜಿಗವಿದೆ. ಅವನು ಬಳಸಿದ ಅನಿಲೀನ್ ಶುದ್ಧವಾದುದಾಗಿರಲಿಲ್ಲ. ಡಾಮರಿನಿಂದ ಬಂದ ಟಾಲ್ಯುಡೀನುಗಳು ಅದರಲ್ಲಿ ಬೆರೆತಿದ್ದವು. ಆ ಕಲ್ಮಷವಿಲ್ಲದಿದ್ದರೆ ಈ ಊದಾಬಣ್ಣ ಹುಟ್ಟುತ್ತಲೇ ಇರಲಿಲ್ಲ. ಇದರ ಮುಖ್ಯ ಘಟಕಗಳ ನಿಜವಾದ ರಚನೆ ಖಚಿತವಾದುದು ೧೯೯೪ರಲ್ಲಿ, ಹಳೆಯ ಮಾದರಿಗಳನ್ನು ಆಧುನಿಕ ಉಪಕರಣಗಳಿಂದ ಪರೀಕ್ಷಿಸಿದ ಮೇಲೆ. ಆದುದರಿಂದ ಪರ್ಕಿನ್ನನ ಸಂಶೋಧನೆಯನ್ನು ಬರಿಯ ಅದೃಷ್ಟವೆಂದು ಹೇಳುವವರುಂಟು. ಅದೃಷ್ಟದ ಪಾಲು ಇದ್ದೇ ಇತ್ತು. ಆದರೆ ಆ ಅದೃಷ್ಟವು ಒಂದು ಮಧ್ಯಾಹ್ನದ ಮಟ್ಟಿಗೆ ಮಾತ್ರ. ಅದರಿಂದ ಮುಂದೆ ನಡೆದುದೆಲ್ಲ ದುಡಿಮೆ.

ಬಣ್ಣದ ದ್ರವದಲ್ಲಿ ರೇಷ್ಮೆಯ ತುಂಡೊಂದನ್ನು ಅದ್ದಿದಾಗ ಅದು ಚೆನ್ನಾಗಿ ಬಣ್ಣ ಹಿಡಿಯಿತು. ಸಾಬೂನಿನಿಂದ ತೊಳೆದರೂ ಬಣ್ಣ ಹೋಗಲಿಲ್ಲ, ಬಿಸಿಲಿನಲ್ಲಿಟ್ಟರೂ ಮಾಸಲಿಲ್ಲ. ಇದರ ಬೆಲೆಯನ್ನು ತಿಳಿಯಬೇಕಾದರೆ ಆಗಿನ ಬಣ್ಣಗಾರರ ಸ್ಥಿತಿಯನ್ನು ನೆನೆಯಬೇಕು. ಅಂದು ಎಲ್ಲ ಬಣ್ಣಗಳೂ ಗಿಡ, ಬೇರು, ಹುಳು, ಖನಿಜಗಳಿಂದಲೇ ಬರುತ್ತಿದ್ದವು. ಊದಾಬಣ್ಣವಂತೂ ಅತಿ ದುರ್ಲಭ. ಪ್ರಾಚೀನ ರೋಮಿನ ಚಕ್ರವರ್ತಿಗಳು ಧರಿಸುತ್ತಿದ್ದ ಊದಾಬಣ್ಣವನ್ನು ಸಮುದ್ರದ ಒಂದು ಜಾತಿಯ ಬಸವನಹುಳುಗಳಿಂದ ಪಡೆಯುತ್ತಿದ್ದರು. ಹನ್ನೆರಡು ಸಾವಿರ ಹುಳುಗಳಿಂದ ದೊರೆಯುತ್ತಿದ್ದುದು ಒಂದೂವರೆ ಗ್ರಾಮಿಗೂ ಕಡಮೆ. ಕಲ್ಲುಹೂವಿನ ಜಾತಿಯ ಸಸ್ಯಗಳಿಂದ ತೆಗೆಯುತ್ತಿದ್ದ ಅಗ್ಗದ ಬಣ್ಣವು ಬಿಸಿಲಿಗೆ ಬಹುಬೇಗ ಮಾಸುತ್ತಿತ್ತು. ಇದನ್ನು ಗುಟ್ಟಾಗಿಟ್ಟುಕೊಂಡು ಮುಂದುವರಿಸುವುದು ಒಳ್ಳೆಯದೆಂದು ಚರ್ಚನೂ ಒತ್ತಿ ಹೇಳಿದನು. ಪರ್ಕಿನ್ ಬಣ್ಣ ಹಾಕಿದ ರೇಷ್ಮೆಯ ತುಂಡನ್ನು ಸ್ಕಾಟ್ಲೆಂಡಿನ ಪರ್ತ್ ಪಟ್ಟಣದ ಪುಲ್ಲರ್ ಎಂಬ ಬಣ್ಣಗಾರರ ಸಂಸ್ಥೆಗೆ ಕಳುಹಿಸಿದನು. ಬಟ್ಟೆಯ ಬೆಲೆಯನ್ನು ವಿಪರೀತವಾಗಿ ಏರಿಸದಿದ್ದರೆ ಇದು ಬಹುಕಾಲದಿಂದ ಬಂದಿರದಂತಹ ಬೆಲೆಬಾಳುವ ಸಂಶೋಧನೆಯಾಗುವುದೆಂದು ರಾಬರ್ಟ್ ಪುಲ್ಲರ್ ಜೂನ್ ತಿಂಗಳಲ್ಲಿ ಉತ್ತರ ಬರೆದನು. ಆದರೆ ಹತ್ತಿಬಟ್ಟೆಯ ಮೇಲೆ ಅದು ನಿಲ್ಲುವುದೋ ಇಲ್ಲವೋ ಎಂಬ ಸಂದೇಹ ಇನ್ನೂ ಉಳಿದಿತ್ತು.

ಆಗಸ್ಟ್ ೨೬ರಂದು ಪರ್ಕಿನ್ ತನ್ನ ಸಂಶೋಧನೆಗೆ ಪೇಟೆಂಟ್ ಕೋರಿದನು. ಇಪ್ಪತ್ತೊಂದು ವರ್ಷ ತುಂಬದವನಿಗೆ ಇಂತಹ ಹಕ್ಕು ಸಲ್ಲುವುದೇ ಎಂಬ ಪ್ರಶ್ನೆ ಎದ್ದಿತು. ಇದು ದೊರೆತನವು ನೀಡುವ ಕೊಡುಗೆಯಾದುದರಿಂದ ವಯಸ್ಸು ಅಡ್ಡಿಯಲ್ಲವೆಂದು ಕಾನೂನು ಬಲ್ಲವರು ಅಭಿಪ್ರಾಯಪಟ್ಟರು. ಅದೇ ಬೇಸಗೆಯ ರಜೆಯಲ್ಲಿ ಪರ್ಕಿನ್ ತನ್ನ ಅಣ್ಣ ಥಾಮಸನ ನೆರವಿನಿಂದ ಬಣ್ಣವನ್ನು ಸ್ವಲ್ಪ ಹೆಚ್ಚಿನ ಪ್ರಮಾಣದಲ್ಲಿ ತಯಾರಿಸಿ ನೋಡಿದನು. ಪ್ರಯೋಗನಾಳದಲ್ಲಿ ಚಿಟಿಕೆಯಷ್ಟು ಬಂದುದನ್ನು ಸೇರುಗಟ್ಟಲೆ ತೆಗೆಯುವುದು ಬೇರೆಯೇ ವಿದ್ಯೆಯೆಂದು ಸೋದರರಿಗೆ ಮನವರಿಕೆಯಾಯಿತು. ಪರ್ತಿನಲ್ಲಿ ಹತ್ತಿಬಟ್ಟೆಯ ಮೇಲೆ ನಡೆಸಿದ ಪರೀಕ್ಷೆಗಳ ಫಲವೂ ಅಷ್ಟೇನೂ ಉತ್ತೇಜಕವಾಗಿರಲಿಲ್ಲ.

ಹೀಗಿದ್ದರೂ ಅಕ್ಟೋಬರ್ ತಿಂಗಳಲ್ಲಿ ಅವನು ಒಂದು ನಿರ್ಧಾರಕ್ಕೆ ಬಂದನು. ಬಣ್ಣ ಹಾಕಿದ ಬಟ್ಟೆಯ ತುಂಡುಗಳನ್ನು ಹಿಡಿದು ಗುರುವಿನ ಮುಂದೆ ನಿಂತು, ತಾನು ಕಾಲೇಜನ್ನು ಬಿಟ್ಟು ಬಣ್ಣದ ತಯಾರಿಕೆಯನ್ನು ಕೈಗೊಳ್ಳುವುದಾಗಿ ತಿಳಿಸಿದನು. ಹೋಫ್‌ಮನ್ ಅಸಮಾಧಾನಗೊಂಡನು. ಮೀಸೆ ಮೂಡುವ ವಯಸ್ಸಿನ ಶಿಷ್ಯನು, ಶುದ್ಧ ವಿಜ್ಞಾನದಲ್ಲಿ ಹೆಸರು ಗಳಿಸಬಲ್ಲವನು, ವ್ಯಾಪಾರಕ್ಕೆ ಇಳಿದು ಕೆಡುವನೆಂದು ಅವನ ವ್ಯಥೆ. ಗುರುವಿನ ಮಾತಿನಿಂದ ಪರ್ಕಿನ್ನನ ಮನಸ್ಸು ಕುಗ್ಗಿತು. ತಾನಿಡುತ್ತಿರುವ ಹೆಜ್ಜೆ ತನ್ನ ಭವಿಷ್ಯವನ್ನೇ ಹಾಳುಮಾಡಬಹುದೆಂಬ ಭಯ ಅವನನ್ನು ಕಾಡಿತು. ಗುರುವಿನ ಅಸಮಾಧಾನವನ್ನು ದುರಾಗ್ರಹವೆಂದು ತಳ್ಳಿಹಾಕುವಂತಿಲ್ಲ. ಆವರೆಗೆ ಒಬ್ಬ ರಸಾಯನವಿದ್ಯಾರ್ಥಿಯು ತನ್ನ ಸಂಶೋಧನೆಯಿಂದ ದೊಡ್ಡ ಕೈಗಾರಿಕೆಯೊಂದನ್ನು ಕಟ್ಟಿದ ಉದಾಹರಣೆ ಇರಲಿಲ್ಲವೆಂದೇ ಹೇಳಬೇಕು. ಸೋತವನಿಗೆ ಪ್ರಯೋಗಶಾಲೆಯ ಬಾಗಿಲು ಮತ್ತೆ ತೆರೆಯುವುದೆಂಬ ಭರವಸೆಯೂ ಇರಲಿಲ್ಲ. ಕಾರ್ಖಾನೆಯನ್ನು ಕಟ್ಟಿದರೂ ಸಂಶೋಧನೆಯನ್ನು ಬಿಡಕೂಡದೆಂದು ಪರ್ಕಿನ್ ಅಂದೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡನು.

ಹಣವನ್ನು ಒದಗಿಸಿದವನು ತಂದೆ. ಮಗನು ರಸಾಯನಶಾಸ್ತ್ರ ಕಲಿಯುವುದಕ್ಕೇ ಹಿಂದೆಗೆದಿದ್ದ ಜಾರ್ಜ್ ಪರ್ಕಿನ್, ಜೀವಮಾನವೆಲ್ಲ ದುಡಿದು ಕೂಡಿಟ್ಟ ಹಣದ ಬಹುಭಾಗವನ್ನು ಈ ಸಾಹಸದಲ್ಲಿ ತೊಡಗಿಸಿದನು. ಅಣ್ಣ ಥಾಮಸನೂ ತನ್ನ ಕೆಲಸವನ್ನು ಬಿಟ್ಟು ಜೊತೆಗೂಡಿದನು. ಇಡೀ ಕುಟುಂಬದ ಯೋಗಕ್ಷೇಮವು ಹತ್ತೊಂಬತ್ತು ತುಂಬದ ಒಬ್ಬ ಹುಡುಗನ ಕೌಶಲವನ್ನು ಅವಲಂಬಿಸಿತು. ಅವರಲ್ಲಿ ಒಬ್ಬರೂ ಅದುವರೆಗೆ ರಾಸಾಯನಿಕ ಕಾರ್ಖಾನೆಯೊಂದರ ಒಳಗನ್ನು ಕಂಡವರಲ್ಲ.

ಲಂಡನ್ನಿನ ವಾಯವ್ಯಕ್ಕಿರುವ ಗ್ರೀನ್‌ಫರ್ಡ್ ಗ್ರೀನ್ ಎಂಬಲ್ಲಿ, ಕಾಲುವೆಯ ಬದಿಯಲ್ಲಿ ನಿವೇಶನ ದೊರೆಯಿತು. ೧೮೫೭ರ ಜೂನ್ ತಿಂಗಳಲ್ಲಿ ಕಟ್ಟಡದ ಕೆಲಸ ಮೊದಲಾಯಿತು. ಅಲ್ಲಿಂದ ಮುಂದಿನ ಆರು ತಿಂಗಳ ಕಷ್ಟವನ್ನು ವಿವರವಾಗಿ ಹೇಳಿದರೆ ಅದೇ ಒಂದು ಗ್ರಂಥವಾದೀತು. ಬಣ್ಣಕ್ಕೆ ಅನಿಲೀನ್ ಬೇಕು. ಆದರೆ ಅನಿಲೀನ್ ಮಾರುಕಟ್ಟೆಯಲ್ಲಿ ದೊರೆಯುವ ಸರಕಾಗಿರಲಿಲ್ಲ. ಅದನ್ನು ಬೆಂಜೀನಿನಿಂದ ತಯಾರಿಸಬೇಕು. ಪೇಟೆಯಲ್ಲಿ ದೊರೆಯುತ್ತಿದ್ದ ಬೆಂಜೀನ್ ಮತ್ತೆ ಭಟ್ಟಿಯಿಳಿಸದೆ ಬಳಸಲಾಗದಂತಹುದು. ಬೆಂಜೀನನ್ನು ನೈಟ್ರೋಬೆಂಜೀನಾಗಿ ಮಾರ್ಪಡಿಸಲು ತೀಕ್ಷ್ಣವಾದ ನೈಟ್ರಿಕ್ ಆಮ್ಲ ಬೇಕು. ಅಷ್ಟು ತೀಕ್ಷ್ಣವಾದ ಆಮ್ಲವನ್ನು ಯಾರೂ ಮಾರುತ್ತಿರಲಿಲ್ಲ. ಪರ್ಕಿನ್ ಚಿಲಿ ದೇಶದ ಪೆಟ್ಲುಪ್ಪನ್ನೂ ಗಂಧಕಾಮ್ಲವನ್ನೂ ಪಾತ್ರೆಯಲ್ಲಿ ಕೂಡಿಸಿ, ಅಲ್ಲಿಯೇ ಆಮ್ಲ ಹುಟ್ಟಿ ಬೆಂಜೀನಿನೊಡನೆ ಕ್ರಿಯೆ ನಡೆಸುವಂತೆ ಏರ್ಪಡಿಸಿದನು. ಸ್ವಲ್ಪ ಎಚ್ಚರ ತಪ್ಪಿದರೆ ಎರಕದ ಕಬ್ಬಿಣದ ಆ ದೊಡ್ಡ ಹಂಡೆ ಸಿಡಿದುಹೋಗುವ ಭೀತಿ. ಅನಂತರ ಕಬ್ಬಿಣದ ಪುಡಿ ಮತ್ತು ಅಸಿಟಿಕ್ ಆಮ್ಲದ ಸಹಾಯದಿಂದ ನೈಟ್ರೋಬೆಂಜೀನನ್ನು ಅನಿಲೀನಾಗಿ ಪರಿವರ್ತಿಸಬೇಕು. ಪ್ರತಿಯೊಂದು ಹಂತಕ್ಕೂ ಬೇಕಾದ ಉಪಕರಣಗಳನ್ನು ಅವನೇ ಕಲ್ಪಿಸಿ, ಅವನೇ ನಕ್ಷೆ ಬರೆಯಬೇಕಾಯಿತು. ಬಾಲ್ಯದ ಚಿತ್ರಕಲೆ ಮರಗೆಲಸಗಳು ಇಲ್ಲಿ ಕೈಹಿಡಿದವು. ೧೮೫೭ರ ಡಿಸೆಂಬರಿನಲ್ಲಿ ಗ್ರೀನ್‌ಫರ್ಡಿನ ಬಣ್ಣವು ಲಂಡನ್ನಿನ ಥಾಮಸ್ ಕೀತ್ ಎಂಬ ರೇಷ್ಮೆ ಬಣ್ಣಗಾರನ ತೊಟ್ಟಿಯನ್ನು ಸೇರಿತು.

ಬಣ್ಣವನ್ನು ತಯಾರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದನ್ನು ಬಳಸುವ ಬಗೆ ಬಣ್ಣಗಾರರಿಗೆ ತಿಳಿಯದು. ರೇಷ್ಮೆ ಬಣ್ಣವನ್ನು ಅತಿ ವೇಗವಾಗಿ ಹೀರಿಕೊಂಡು ಕಲೆಕಲೆಯಾಗುತ್ತಿತ್ತು. ಸಾಬೂನಿನ ನೀರಿನಲ್ಲಿ ಅದ್ದುವುದರಿಂದ ಬಣ್ಣ ಸಮನಾಗಿ ಹರಡುವುದೆಂದು ಕಂಡುಕೊಳ್ಳಬೇಕಾಯಿತು. ಹತ್ತಿಬಟ್ಟೆಗೆ ಮೊದಲು ಒಗರಾದ ಟ್ಯಾನಿನ್ ದ್ರಾವಣವನ್ನು ಹಿಡಿಸಿ ಬಣ್ಣ ನಿಲ್ಲಿಸುವ ಕ್ರಮವನ್ನು ಪರ್ಕಿನ್ನನೂ ಪುಲ್ಲರನೂ ರೂಪಿಸಿದರು. ಪರ್ಕಿನ್ ಊರಿಂದೂರಿಗೆ ಅಲೆದು, ಬಣ್ಣಗಾರರ ತೊಟ್ಟಿಗಳ ಪಕ್ಕದಲ್ಲಿ ನಿಂತು ಈ ಕ್ರಮಗಳನ್ನು ಕಲಿಸಿದನು. ಫ್ರಾನ್ಸಿನಲ್ಲಿ ಅವನ ಪೇಟೆಂಟ್ ಕೋರಿಕೆ ಕ್ರಮಬದ್ಧವಾಗಿರದಿದ್ದುದರಿಂದ ಅಲ್ಲಿಯ ತಯಾರಕರು ಅವನ ವಿಧಾನವನ್ನು ಸ್ವೇಚ್ಛೆಯಾಗಿ ಬಳಸಿಕೊಂಡರು.

ಕಾಲವು ಪರ್ಕಿನ್ನನಿಗೆ ಅನುಕೂಲವಾಗಿತ್ತು. ಫ್ರಾನ್ಸಿನ ಮಹಾರಾಣಿ ಯೂಜೀನಿಗೆ ಊದಾಬಣ್ಣ ಪ್ರಿಯವಾಗಿತ್ತು. ೧೮೫೮ರ ಜನವರಿಯಲ್ಲಿ ತನ್ನ ಹಿರಿಯ ಮಗಳ ವಿವಾಹಕ್ಕೆ ವಿಕ್ಟೋರಿಯ ರಾಣಿಯೂ ಅದೇ ಛಾಯೆಯ ಉಡುಪನ್ನು ಧರಿಸಿದಳು. ಆ ಶೋಕಿಗೆ ಮೊದಲು ಕಾರಣವಾದದ್ದು ಫ್ರೆಂಚರು ಕಲ್ಲುಹೂವಿನಿಂದ ಮಾಡಿದ ಬಣ್ಣ. ಆದರೆ ಅದು ಹರಡಿದಂತೆಲ್ಲ ಮಾಸದಿರುವ ಪರ್ಕಿನ್ನನ ಬಣ್ಣಕ್ಕೆ ಬೇಡಿಕೆ ಹೆಚ್ಚಿತು. ನಮ್ಮ ದಾಸವಾಳದ ಕುಟುಂಬಕ್ಕೇ ಸೇರಿದ ಒಂದು ಹೂವಿನ ಫ್ರೆಂಚ್ ಹೆಸರಿನಿಂದ ಜನರು ಅದನ್ನು ಮೋವ್ ಎಂದು ಕರೆದರು. ೧೮೫೯ರ ವೇಳೆಗೆ ಲಂಡನ್ನಿನಲ್ಲಿ ಈ ಬಣ್ಣದ ಹುಚ್ಚು ಎಷ್ಟು ಏರಿತೆಂದರೆ, ಪಂಚ್ ಎಂಬ ಹಾಸ್ಯಪತ್ರಿಕೆ ಅದನ್ನು ದಡಾರಕ್ಕೆ ಹೋಲಿಸಿ ಪರಿಹಾಸ ಮಾಡಿತು.

ಮೋವ್ ಬಣ್ಣದ ಆಳ್ವಿಕೆ ಬಹಳ ವರ್ಷ ನಡೆಯಲಿಲ್ಲ. ಅನಿಲೀನಿನಿಂದ ಬಣ್ಣ ಬರುವುದೆಂದು ತಿಳಿದೊಡನೆ ಯೂರೋಪಿನ ರಸಾಯನಶಾಸ್ತ್ರಜ್ಞರೆಲ್ಲ ಅದರ ಬೆನ್ನು ಹತ್ತಿದರು. ಫ್ರಾನ್ಸಿನಲ್ಲಿ ೧೮೫೯ರಲ್ಲಿ ಮಜೆಂಟ ಎಂಬ ಕೆಂಪು ಹುಟ್ಟಿತು. ಶಿಷ್ಯನು ಬಣ್ಣದ ವ್ಯಾಪಾರಕ್ಕೆ ಹೊರಟಾಗ ನೊಂದಿದ್ದ ಹೋಫ್‌ಮನ್ನನೇ ಈ ಬಣ್ಣಗಳ ಅಧ್ಯಯನದಲ್ಲಿ ತೊಡಗಿ, ೧೮೬೩ರಲ್ಲಿ ಹೊಸ ನೇರಳೆಬಣ್ಣಗಳನ್ನು ಹೊರತಂದನು.

೧೮೬೮ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್ ಎಂಬ ಇಬ್ಬರು ತರುಣರು ಅಲಿಜರಿನ್ ಎಂಬ ಕೆಂಪುಬಣ್ಣವನ್ನು ಕೃತಕವಾಗಿ ತಯಾರಿಸಿದರು. ನಮ್ಮ ಮಂಜಿಷ್ಠದ ಹತ್ತಿರದ ಬಂಧುವಾದ ಮ್ಯಾಡರ್ ಗಿಡದ ಬೇರಿನಲ್ಲಿರುವ ಬಣ್ಣವೇ ಇದು. ಅವರು ಆರಿಸಿಕೊಂಡಿದ್ದ ಮೂಲವಸ್ತು ಆಂತ್ರಸೀನ್; ಹೋಫ್‌ಮನ್ ಹದಿನೈದರ ಪರ್ಕಿನ್ನನಿಗೆ ಒಪ್ಪಿಸಿದ್ದ, ಪರ್ಕಿನ್ ಸೋತಿದ್ದ ಪದಾರ್ಥ. ಅವರ ವಿಧಾನಕ್ಕೆ ಬ್ರೋಮೀನ್ ಬೇಕಾಗಿದ್ದುದರಿಂದ ಅದು ಬಹಳ ದುಬಾರಿ. ಆಂತ್ರಸೀನಿನ ಗುಣಗಳನ್ನು ವಿದ್ಯಾರ್ಥಿದೆಸೆಯಲ್ಲಿಯೇ ಅರಿತಿದ್ದ ಪರ್ಕಿನ್ ಒಂದೇ ವರ್ಷದಲ್ಲಿ ಅಗ್ಗದ ಮಾರ್ಗವನ್ನು ಕಂಡುಹಿಡಿದು, ೧೮೬೯ರ ಜೂನ್ ೨೬ರಂದು ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ಜರ್ಮನರ ಅರ್ಜಿ ಲಂಡನ್ನಿನ ಅದೇ ಕಚೇರಿಗೆ ಬಂದುದು ಜೂನ್ ೨೫ರಂದು, ಒಂದೇ ಒಂದು ದಿನ ಮುಂಚೆ! ಇಬ್ಬರೂ ಸ್ವತಂತ್ರವಾಗಿ ಕಂಡುಹಿಡಿದುದರಿಂದ ಕಡೆಗೆ ಒಪ್ಪಂದ ಮಾಡಿಕೊಂಡು ಮಾರುಕಟ್ಟೆಯನ್ನು ಹಂಚಿಕೊಂಡರು. ಗ್ರೀನ್‌ಫರ್ಡಿನಲ್ಲಿ ೧೮೭೦ರಲ್ಲಿ ೪೦ ಟನ್, ಮರುವರ್ಷ ೨೨೦ ಟನ್ ಅಲಿಜರಿನ್ ತಯಾರಾಯಿತು. ಫ್ರಾನ್ಸಿನ ಮ್ಯಾಡರ್ ಹೊಲಗಳು ಕೆಲವೇ ವರ್ಷಗಳಲ್ಲಿ ಬೆಲೆ ಕಳೆದುಕೊಂಡವು.

ಮುಂದೆ ಇದೇ ಗತಿ ಭಾರತದ ನೀಲಿಗೂ ಒದಗಿತು. ಬಂಗಾಳ, ಬಿಹಾರಗಳ ರೈತರಿಂದ ನೀಲಿಗಿಡವನ್ನು ಬಲವಂತವಾಗಿ ಬೆಳೆಸಿ ಬಿಳಿಯ ತೋಟಗಾರರು ಹಣ ಮಾಡುತ್ತಿದ್ದರು. ಜರ್ಮನ್ ಕಾರ್ಖಾನೆಯ ಕೃತಕ ನೀಲಿ ೧೮೯೭ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ 'ನೀಲಿ ತೋಟ'ಗಳು ಕುಸಿದವು. ತೋಟಗಾರರು ತಮ್ಮ ನಷ್ಟದ ಹೊರೆಯನ್ನು ರೈತರ ಮೇಲೆಯೇ ಹೊರಿಸಲು ನೋಡಿದರು. ೧೯೧೭ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದುದು ಆ ರೈತರ ಕಷ್ಟವನ್ನು ವಿಚಾರಿಸಲು. ಲಂಡನ್ನಿನ ಒಂದು ಕೋಣೆಯಲ್ಲಿ ರಜೆಯಲ್ಲಿ ಮೊದಲಾದ ಕೆಲಸದ ಅಲೆಗಳು ಅಷ್ಟು ದೂರ ಬಂದು ತಾಗಿದವು.

೧೮೭೪ರಲ್ಲಿ ಪರ್ಕಿನ್ ಕಾರ್ಖಾನೆಯನ್ನು ಮಾರಿದನು. ಆಗ ಅವನಿಗೆ ಮೂವತ್ತಾರು ವರ್ಷ. ಜರ್ಮನಿಯ ಕಾರ್ಖಾನೆಗಳು ವಿಶ್ವವಿದ್ಯಾಲಯಗಳಿಂದ ಬಂದ ಶಿಕ್ಷಿತ ರಸಾಯನಶಾಸ್ತ್ರಜ್ಞರನ್ನು ಸೇರಿಸಿಕೊಂಡು ಮುನ್ನುಗ್ಗುತ್ತಿದ್ದವು. ಅವುಗಳೊಡನೆ ಸ್ಪರ್ಧಿಸಬೇಕಾದರೆ ಕಾರ್ಖಾನೆಯನ್ನು ಹಲವು ಪಟ್ಟು ವಿಸ್ತರಿಸಬೇಕಾಗಿತ್ತು. ಜೀವನಕ್ಕೆ ಸಾಕಾಗುವಷ್ಟು ಸಂಪಾದನೆಯಾಗಿತ್ತು. ಮೋವ್ ಬಣ್ಣದ ಗದ್ದಲದ ನಡುವೆಯೂ ಅವನು ಸಂಶೋಧನೆಯನ್ನು ಬಿಟ್ಟಿರಲಿಲ್ಲ. ೧೮೬೮ರಲ್ಲಿ ಸುಗಂಧದ್ರವ್ಯವಾದ ಕೌಮರಿನನ್ನು ಕೃತಕವಾಗಿ ತಯಾರಿಸಿದ್ದನು. ಆ ಬಗೆಯ ಕ್ರಿಯೆಯನ್ನು ರಸಾಯನಶಾಸ್ತ್ರದ ಗ್ರಂಥಗಳು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತವೆ. ವ್ಯಾಪಾರದಿಂದ ಬಿಡುಗಡೆ ಹೊಂದಿದ ಮೇಲೆ ಮನೆಯ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕು ಅವನ ಕೆಲಸ ನಡೆಯಿತು. ಅಯಸ್ಕಾಂತದ ಪ್ರಭಾವದಿಂದ ದ್ರವಗಳಲ್ಲಿ ಬೆಳಕಿನ ಧ್ರುವೀಕರಣತಲ ತಿರುಗುವುದನ್ನು ಫ್ಯಾರಡೆ ಕಂಡುಹಿಡಿದಿದ್ದನು. ಆ ತಿರುಗುವಿಕೆಗೂ ಅಣುಗಳ ರಚನೆಗೂ ಇರುವ ಸಂಬಂಧವನ್ನು ಪರ್ಕಿನ್ ತಾಳ್ಮೆಯಿಂದ ಅಳೆದನು. ಅವನ ಮೂವರು ಗಂಡುಮಕ್ಕಳೂ ರಸಾಯನಶಾಸ್ತ್ರಜ್ಞರಾದರು.

೧೯೦೬ರಲ್ಲಿ ಮೋವ್ ಬಣ್ಣದ ಐವತ್ತನೆಯ ವರ್ಷದ ಉತ್ಸವ ನಡೆಯಿತು. ಸರ್ಕಾರವು ಪರ್ಕಿನ್ನನಿಗೆ ಸರ್ ಪದವಿಯನ್ನಿತ್ತಿತು. ನಾನಾ ದೇಶಗಳ ವಿಜ್ಞಾನಿಗಳು ಲಂಡನ್ನಿಗೆ ಬಂದು, ಬಾಲಕನಾಗಿದ್ದಾಗ ಅವನು ಫ್ಯಾರಡೆಯ ಉಪನ್ಯಾಸ ಕೇಳಿದ್ದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿಯೇ ಸಭೆ ಸೇರಿದರು. ಜರ್ಮನಿಯ ರಸಾಯನಶಾಸ್ತ್ರ ಸಂಘವು ಅವನಿಗೆ ಅರ್ಪಿಸಿದುದು ಹೋಫ್‌ಮನ್ನನ ಹೆಸರಿನ ಪದಕವನ್ನು. ಗುರುವು ಸತ್ತು ಆಗ ಹದಿನಾಲ್ಕು ವರ್ಷಗಳಾಗಿದ್ದವು. ಅದೇ ವರ್ಷ ಅಮೆರಿಕದಲ್ಲಿ ನಡೆದ ಔತಣಕ್ಕೆ ಅತಿಥಿಗಳು ಮೋವ್ ಬಣ್ಣದ ಕೊರಳಪಟ್ಟಿಗಳನ್ನು ಧರಿಸಿ ಬಂದಿದ್ದರು. ಮರುವರ್ಷ, ೧೯೦೭ರ ಜುಲೈ ೧೪ರಂದು ಪರ್ಕಿನ್ ತೀರಿಕೊಂಡನು.

ಅವನು ಅರಸಿದ್ದ ಜ್ವರದ ಔಷಧದ ಕಥೆ ಇನ್ನೂ ಸ್ವಲ್ಪ ಉಳಿದಿತ್ತು. ಅನಿಲೀನ್ ಬಣ್ಣಗಳ ಮನೆತನಕ್ಕೆ ಸೇರಿದ ಮಿಥಿಲೀನ್ ನೀಲಿಯು ಮಲೇರಿಯದ ಸೂಕ್ಷ್ಮಜೀವಿಗಳಿಗೆ ಬಣ್ಣ ಹಿಡಿಸುವುದನ್ನು ಕಂಡ ಪಾಲ್ ಎರ್ಲಿಕ್ ಎಂಬ ಜರ್ಮನ್ ವೈದ್ಯನು, ೧೮೯೧ರಲ್ಲಿ ಅದನ್ನೇ ಇಬ್ಬರು ಜ್ವರಪೀಡಿತರಿಗೆ ಕೊಟ್ಟು ನೋಡಿದನು, ಅವರು ಗುಣಹೊಂದಿದರು. ಪ್ರಯೋಗಶಾಲೆಯಲ್ಲಿ ಹುಟ್ಟಿದ ವಸ್ತುವೊಂದು ಮಲೇರಿಯದ ಮೇಲೆ ಕೆಲಸ ಮಾಡಿದುದು ಅದೇ ಮೊದಲು. ಕ್ವಿನೈನಿನ ಅಣುರಚನೆ ಸರಿಯಾಗಿ ತಿಳಿದುಬಂದುದು ಪರ್ಕಿನ್ ಸತ್ತ ಸಮಯದಲ್ಲಿ. ಅದನ್ನು ಕೃತಕವಾಗಿ ಕಟ್ಟುವ ದಾರಿಯನ್ನು ೧೯೪೪ರಲ್ಲಿ ಅಮೆರಿಕದ ವುಡ್‌ವರ್ಡ್ ಮತ್ತು ಡೋರಿಂಗ್ ಪ್ರಕಟಿಸಿದರು. ವುಡ್‌ವರ್ಡನಿಗೆ ಆಗ ಇಪ್ಪತ್ತೇಳು ವರ್ಷ. ಆ ದಾರಿ ಬಹು ದೀರ್ಘವಾದುದು, ಬಹು ವೆಚ್ಚದ್ದು. ಔಷಧಕ್ಕೆ ಬಳಸುವ ಕ್ವಿನೈನನ್ನು ಇಂದಿಗೂ ಸಿಂಕೋನ ಮರದ ತೊಗಟೆಯಿಂದಲೇ ತೆಗೆಯುತ್ತಾರೆ.